ಎರಡೂ ಕಿವಿ ಸಮ

ಊರಿನ ಹೆಸರು ಯೇ.
ಯಾರನ್ನೋ ಬೀದಿಯಾಚೆಯಿಂದ ಕೂಗಿದ ಹಾಗೆ.
ನಕ್ಕೆ. ಯಾಕೆ ನಗು ಎಂದಳು ನೆರಿಡಾ.
ಹೇಳಿದೆ. ರೈಲಿಲ್ಲದ ಸ್ಟೇಷನ್ನಿನ ಕಟ್ಟೆಯ ಮೇಲೆ ನಿಂತು
ಅವಳೂ ಒಮ್ಮೆ ಕೂಗಿ ನೋಡಿದಳು: ಯೇ!
ಬೇಲಿಯಾಚೆ ಹಸುವೊಂದು ತಲೆಯೆತ್ತಿತು.

ವಾರಕ್ಕೈದು ದಿನ ನಾನು ಬಸ್ಸಿನವ, ಡ್ಯಾಂಡೆನಾಂಗಿನಲ್ಲಿ.
ಬ್ರೇಕು, ಬಾಗಿಲು, ಬ್ರೇಕು.
ಹನ್ನೊಂದು ವರ್ಷ ನನ್ನ ಬಸ್ಸು ಹತ್ತಿದ್ದಾಳೆ ಅವಳು,
ಸ್ಟಾಪು ಬಂತೇ ಎಂದು ಒಂದು ದಿನ ಕೇಳಿದ್ದಿಲ್ಲ.
ಮೂರನೇ ತಿರುವಿಗೆ ಮೈ ವಾಲಿತೋ,
ಮಡಿಸಿದ ಬಿಳಿಕೋಲು ಟಕಟಕ ಬಿಡಿಸಿಕೊಳ್ಳುತ್ತದೆ.
ಒಮ್ಮೆ ರಸ್ತೆ ಅಗೆದಿದ್ದರು, ಬಳಸಿ ಹೋದೆ. ಆಗ ಮಾತ್ರ
"ಏನಪ್ಪಾ, ಯಾರ ಮನೆಗೆ ಹೊರಟೆ?"
ಗೆಳೆತನ ಅಲ್ಲಿಂದ.

ಇಬ್ಬರು ತುಳಿಯುವ ಈ ಸೈಕಲ್ಲು ಅವಳದು.
ಮುಂದಿನ ಸೀಟಿಗೆ ಒಂದು ಜೊತೆ ಕಣ್ಣು ಬೇಕಿತ್ತು, ಅಷ್ಟೆ.
ಕಾಲು ನನಗಿಂತ ಅವಳವೇ ಗಟ್ಟಿ.

ಹಳಿ ಕಿತ್ತು ಗರಸು ಹಾಸಿದ ದಾರಿ.
ಕಾರಿಲ್ಲ, ಲಾರಿಯಿಲ್ಲ, ಬೆನ್ನಿಗೆ ಹಾರನ್ನಿಲ್ಲ.
ಆದರೂ ನನ್ನ ಕಣ್ಣು ಇಲ್ಲದ ಕನ್ನಡಿ ಹುಡುಕುತ್ತ
ಮೇಲಕ್ಕೊಮ್ಮೆ ಬಲಕ್ಕೊಮ್ಮೆ ಹೋಗಿ ಬರುತ್ತದೆ.
ರೈಲಿಗೆ ಕಡಿದು ಆಗದು; ಗುಡ್ಡವನ್ನದು
ಪುಸಲಾಯಿಸಿಯೇ ಹತ್ತಬೇಕಿತ್ತು.
ಹಾಗಾಗಿ ಏರಿದ್ದು ಕಣ್ಣಿಗೆ ತಿಳಿಯದು,
ತೊಡೆಗೆ ತಿಳಿಯುತ್ತದೆ.

"ಹೇಳು, ಏನಿದೆ?"
ಕೆಳಗೆ ಹೊಳೆ. ಆಚೆ ಹಸಿರು ದಿಬ್ಬ, ಅದರಾಚೆ ಕಾಡು, ಹಸಿರು...
"ಹಸಿರು ಬೇಡ. ಎಲ್ಲರೂ ಅದನ್ನೇ ಅನ್ನುತ್ತಾರೆ."
ಸರಿ. ಹೊಳೆ ಹೊರಳುವಲ್ಲಿ
ಮುದಿ ನೀಲಗಿರಿಯೊಂದು ಮೊಣಕೈಯೂರಿ ಬಗ್ಗಿದೆ,
ಹಾಲು ಉಕ್ಕೀತೇ ಎಂದು ಕಾಯುವವರ ಹಾಗೆ.
ತೊಗಟೆ ತೋಳಿನಿಂದ ಜಾರಿ ನೇತಾಡುತ್ತಿದೆ.
ದಿಬ್ಬದಲ್ಲಿ ಕುರಿ ಹದಿನಾಲ್ಕು. ಇಲ್ಲ,
ಒಂದು ಕಲ್ಲು. ಹದಿಮೂರು.
"ಹಾಂ. ಹೀಗೆ."

ಇದಕ್ಕೆ, ಈ ನೆಲಕ್ಕೆ, ನಿಮ್ಮಲ್ಲಿ ಏನನ್ನುತ್ತೀರಿ?
ಗರಸು.
ನಾಲ್ಕು ಸಲ ಬಾಯಲ್ಲಿ ಹೊರಳಿಸಿದಳು.
ಚಕ್ರ ಅನ್ನುತ್ತಿರುವುದೂ ಅದನ್ನೇ, ಕೇಳು,
ಯಾರೋ ಕಿವಿಗೊಟ್ಟು ಇಟ್ಟ ಹೆಸರು.
ಐವತ್ತಮೂರು ವರ್ಷ ಆಡಿದ ಮಾತು;
ಕೇಳಿದ್ದು ಇವತ್ತು.

ಏರು ಮುಗಿಯುವಲ್ಲಿ ಇಟ್ಟಿಗೆಯ ಸುರಂಗ.
ದೀಪ ತಂದಿದ್ದೆ. ಚಾರ್ಜು ಮಾಡಿರಲಿಲ್ಲ.
ಬಿಸಿಲಿಂದ ನುಗ್ಗಿದ್ದೇ ತಡ, ಕತ್ತಲು ಮುಖಕ್ಕೆ
ಒದ್ದೆ ಬಟ್ಟೆ ಎಸೆದಂತೆ.
ಆಚೆ ತುದಿಗೆ ಅಂಗಿಗುಂಡಿಯಷ್ಟು ಬೆಳಕು;
ಅದನ್ನು ನೋಡಿದರೆ ನೆಲವಿಲ್ಲ,
ನೆಲವನ್ನು ನೋಡಿದರೆ ನಾನೇ ಇಲ್ಲ.
ಹ್ಯಾಂಡಲ್ಲು ನಡುಗಿತು.

ಹಿಂದಿನಿಂದ, ಚಹಾ ಬೇಕೇ ಎಂಬಷ್ಟು ಮೆಲ್ಲಗೆ:
"ಎಡಕ್ಕೆ ಬಾ. ಬಲಗಿವಿ ತುಂಬಿಹೋಗಿದೆ, ಗೋಡೆ.
ಇನ್ನೂ. ಇನ್ನೊಂಚೂರು.
ಈಗ ಎರಡೂ ಕಿವಿ ಸಮ. ತುಳಿ."

ತುಳಿದೆ. ಎಲ್ಲಿಂದಲೋ ನೀರು ತೊಟ್ಟಿಕ್ಕುತ್ತಿತ್ತು.
ಗರಸು ಗರಸು ಎಂದು ಗೋಡೆಗಳೂ ಹೇಳುತ್ತಿದ್ದವು.
ಗಂಟಲು ಒಣಗಿ ಕೇಳಿಯೇಬಿಟ್ಟೆ:
ಸ್ಟಾಪು ಬಂತೇ?

"ಕೂತಿರು," ಎಂದಳು. "ಬಂದಾಗ ಹೇಳುತ್ತೇನೆ."

ಹೊರಗೆ ಬಿಸಿಲು ಹೊಡೆದಾಗ ಕಣ್ಣು ಮುಚ್ಚಿದವನು ನಾನು.
ಅಲ್ಲಿಂದ ಮೋಲ್ಸ್‌ವರ್ತ್‌ವರೆಗೆ ಇಳಿಜಾರೇ.
ಪೆಡಲು ಸುಮ್ಮನಾಗಿ ಚಕ್ರ ಮಿಡತೆಯಾಯಿತು.
ಕಣಿವೆ ಮಡಿಲು ಬಿಚ್ಚುತ್ತ ಬಂತು;
ಹೇಳಲು ಬಾಯಿ ತೆರೆದೆ. ಅವಳೇ ಮೊದಲು:

"ಬ್ರೇಕಿನ ಮೇಲೆ ಬೆರಳಿಟ್ಟಿದ್ದೀಯ.
ಕೇಳಿಸುತ್ತದೆ ನನಗೆ. ತೆಗೆ."

ಎರಡು ಬೆರಳು ತೆಗೆದೆ.