ಅರ್ಧ ತಲೆ

ಬಾಗಿಲು ಎಳೆಯುವ ಹೊತ್ತಿಗೆ ಬಂದಳು ಅಕೋಸಿವಾ.
ಮರಳುಗಾಡಿನ ಗಾಳಿ ತಂದ ಧೂಳು
ಅವಳ ಹುಬ್ಬಿನ ಮೇಲೆ, ನನ್ನ ಕನ್ನಡಿಯ ಮೇಲೆ,
ಇಡೀ ಲೊಮೆಯ ಮೇಲೆ.
"ಸಣ್ಣ ಸಣ್ಣ ಜಡೆ, ತಲೆ ತುಂಬ" ಅಂದಳು.
ಐದು ತಾಸಿನ ಕೆಲಸ.
ಕೂರು ಅಂದೆ.

ಕೂರುವ ಮೊದಲು ಚೀಲದಿಂದ ತೆಗೆದಿಟ್ಟಳು
ನೀಲಿ ಹಕ್ಕಿಯ ಅಚ್ಚಿನ ಬಟ್ಟೆ, ಮಡಿಕೆ ಬಿಚ್ಚದ್ದು,
ಅಮ್ಮ ಕೊಟ್ಟದ್ದೆಂದು ಹೋದ ವರ್ಷ
ನನಗೆ ಮುಟ್ಟಗೊಡದಿದ್ದದ್ದು.
"ನೀನೇ ಇಟ್ಟುಕೋ ಎನ್ಯೋನಮ್,
ನನಗಿನ್ನು ಬೇಕಾಗುವುದಿಲ್ಲ."

ನಾನು ಓದಿದವಳಲ್ಲ. ತಲೆ ಬಲ್ಲವಳು.
ಬಾಣಂತಿಯ ಉದುರುವ ಕೂದಲು ಬಲ್ಲೆ,
ಗಂಡ ಹಿಡಿದೆಳೆದಲ್ಲಿ ಬೋಳಾದ ನೆತ್ತಿ ಬಲ್ಲೆ,
ತಿಂಗಳಿಂದ ಬಾಚಣಿಗೆ ಕಾಣದ ತಲೆ ಬಂದರೆ
ಮೊದಲು ಎಣ್ಣೆ, ಮಾತು ಆಮೇಲೆ.
ಅಷ್ಟು ಬಲ್ಲೆ.
"ನಾಜೂಕಾಗಿ ಹೆಣೆಯಕ್ಕ,
ನೋಡಿದವರು ಚೆನ್ನಾಗಿದೆ ಅನ್ನಬೇಕು" ಅಂದಳು.
ನನ್ನ ಬೆರಳು ನಿಂತವು.

ಆರು ವರ್ಷದ ಹಿಂದೆ, ಇದೇ ಕುರ್ಚಿಯಲ್ಲಿ,
ಹೀಗೇ ಅಂದಿದ್ದಳು ಆಬ್ರಾ.
ಎಂಥ ಜಡೆ ಹಾಕಿದ್ದೆ ಅವಳಿಗೆ!
ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ.
ಅಷ್ಟು ಹೊತ್ತೂ ಟೊಮೇಟೊ ಬೆಲೆ ಮಾತಾಡಿದೆ.
ಮಣ್ಣಿಗಿಡುವಾಗ ಎಲ್ಲರೂ ಅಂದರು,
ಎಷ್ಟು ಚೆನ್ನಾಗಿದೆ ತಲೆ.

ಆಮೇಲೆ ಆಸ್ಪತ್ರೆಯವರು
ಕೂದಲು ಹೆಣೆಯುವ ನಮ್ಮನ್ನು ಮೂರು ದಿನ ಕೂರಿಸಿ
ಹೇಳಿದ್ದರಲ್ಲಿ ನೆನಪಿರುವುದು ಒಂದೇ:
ಸುತ್ತಿ ಬಳಸಬೇಡ, ನೇರ ಕೇಳು,
ಕೇಳಿದರೆ ಬೀಜ ಬಿತ್ತಿದಂತಲ್ಲ.
ನಾನು ನಂಬಿರಲಿಲ್ಲ.
ಆ ಮಾತು ಬಾಯಲ್ಲಿ ಬಂದರೆ
ಸಾವಿಗೆ ಮನೆ ತೋರಿಸಿದ ಹಾಗೆ ಅನ್ನುತ್ತಿದ್ದಳು ನಮ್ಮಜ್ಜಿ.

ಕನ್ನಡಿ ಬಿಟ್ಟು, ಅವಳ ಬೈತಲೆ ನೋಡುತ್ತ ಕೇಳಿದೆ:
"ಅಕೋಸಿವಾ, ಸಾಯಬೇಕು ಅಂತಿದ್ದೀಯಾ?"

ಹೊರಗೆ ಬೈಕೊಂದು ಕೆಮ್ಮುತ್ತ ಹೋಯಿತು.
ಹಿಂದೆಯೇ ಕರೆಂಟೂ ಹೋಯಿತು.
ಕತ್ತಲಲ್ಲಿ, ನನ್ನ ಎರಡು ಕೈಗಳ ನಡುವೆ,
ಆ ತಲೆ ಮೆಲ್ಲಗೆ
ಹೌದೆಂದು ಆಡಿತು.

ಎಲ್ಲ ಸರಿಹೋಗುತ್ತೆ ಅನ್ನಲಿಲ್ಲ ನಾನು.
ಮೇಣದಬತ್ತಿ ಹಚ್ಚಿದೆ.
ಕೂಸು ಹುಟ್ಟಿ ಕಣ್ಣು ಬಿಡದ್ದು,
ಇನ್ನೊಂದಾಗುತ್ತೆ ಬಿಡು ಎಂದ ಅತ್ತೆ,
ಪ್ರಾರ್ಥನೆ ಸಾಲದು ಎಂದ ಪಾದ್ರಿ, ಬಾರದ ನಿದ್ದೆ,
ಎದೆಯ ಮೇಲೆ ಒದ್ದೆ ಮರಳಿನ ಮೂಟೆ...
ಕಾರಣ ಇದೇ ಎಂದು ಬೆರಳಿಡಲು
ಸಿಕ್ಕಿಗೆ ಬುಡವೆಲ್ಲಿ?
ಸಿಕ್ಕನ್ನು ಬುಡದಿಂದ ಎಳೆಯಬಾರದು.
ಬುಡವನ್ನು ಒಂದು ಕೈಲಿ ಗಟ್ಟಿ ಹಿಡಿದು
ತುದಿಯಿಂದ ಬರಬೇಕು, ಬೆರಳಷ್ಟು, ಮತ್ತೆ ಬೆರಳಷ್ಟು.
ಅವಳು ಹೇಳಿದಳು. ನಾನು ಹಿಡಿದಿದ್ದೆ.

ಎಡಗಡೆ ಮುಗಿದಾಗ ಹನ್ನೊಂದು.
ಬಾಚಣಿಗೆ ಕೆಳಗಿಟ್ಟೆ.
"ಉಳಿದರ್ಧ ನಾಳೆ, ಆಸ್ಪತ್ರೆಗೆ ಹೋಗಿಬಂದು."
"ಅರ್ಧ ತಲೆಯಲ್ಲಿ ಮನೆಗೆ ಹೇಗೆ ಹೋಗಲಿ?"
"ಹೋಗಬೇಡ. ಇಲ್ಲೇ ಮಲಗು."
ನಕ್ಕಳೋ, ಮೂಗು ಒರೆಸಿಕೊಂಡಳೋ, ಕತ್ತಲಲ್ಲಿ ತಿಳಿಯಲಿಲ್ಲ.
ಚಾಪೆ ಬಾಗಿಲಿಗೆ ಅಡ್ಡ ಹಾಸಿ ನಾನು ಮಲಗಿದೆ.

ಬೆಳಿಗ್ಗೆ ಒಂದೇ ಬಾಡಿಗೆ ಬೈಕಿನಲ್ಲಿ ಇಬ್ಬರು,
ಅವಳ ತಲೆಗೆ ನನ್ನ ವಸ್ತ್ರ.
ಮೂವತ್ತೊಂದನೆಯ ಚೀಟಿ. ಪೊಟ್ಟಣ ಕಡಲೆಕಾಯಿ.
ನರ್ಸಮ್ಮ ಬೆಚ್ಚಲಿಲ್ಲ, ಬೈಯಲಿಲ್ಲ,
ನನ್ನ ಪ್ರಶ್ನೆಯನ್ನೇ ಕೇಳಿ, ಉತ್ತರ ಬರೆದುಕೊಂಡು,
ಮಾತ್ರೆ ಕೊಟ್ಟು, ಗುರುವಾರ ಮತ್ತೆ ಬಾ ಅಂದಳು.
ಜ್ವರಕ್ಕೆ ಅಂದ ಹಾಗೆ.

ಬಲಗಡೆ ಜಡೆ ಸ್ವಲ್ಪ ಸೊಟ್ಟ ಬಂತು. ಇರಲಿ.

ಎಲ್ಲ ಗುರುವಾರವೂ ಹೋಗುತ್ತಾಳೆ ಅಂತಲ್ಲ.
ಕೆಲವು ದಿನ ಫೋನು ಎತ್ತುವುದಿಲ್ಲ,
ಕತ್ತರಿ ಅಲ್ಲೇ ಬಿಟ್ಟು ನಾನೇ ಓಡುತ್ತೇನೆ.
ನಿನ್ನೆ ತಾನಾಗಿ ಬಂದಳು, ಗೂಡಿನ ಕಡೆ ನೋಡಿದಳು.
"ಆ ಬಟ್ಟೆಗೆ ಹುಳ ಹಿಡಿದಿಲ್ಲ ತಾನೆ?"