ಏಳನೇ ಮೇಜು

ಕೇಳಿದಿರಿ, ಹೇಳುತ್ತೇನೆ. ಹತ್ತೊಂಬತ್ತು ವರ್ಷ
ಮಡಿಕೇರಿಯ ಈ ಗುಡ್ಡದ ನೆತ್ತಿಯ ಹೋಟೆಲಿನಲ್ಲಿ
ಕುರ್ಚಿ ಎಳೆದು ಕೂರಿಸಿದ ಕೈ ಇದು.
ಯಾರಿಗೆ ಕಿಟಕಿ, ಯಾರಿಗೆ ಕಂಬದ ಮರೆ ಎಂದು
ನಿಮ್ಮ ಬೂಟು ಹೊಸಿಲು ದಾಟುವ ಮೊದಲೇ
ತೀರ್ಮಾನಿಸಿದ ಕಣ್ಣು.

ಮಾಲೀಕರು ನನಗೆ ಗೊತ್ತು ಅನ್ನಬೇಡಿ.
ಮಾಲೀಕರು ಎಲ್ಲರಿಗೂ ಗೊತ್ತು,
ಅವರಿಗೇ ಯಾರೂ ಗೊತ್ತಿಲ್ಲ.
ಕೈಕುಲುಕುವಾಗ ಅಂಗೈಗೆ ದಾಟಿಸುವ ನೋಟು
ಬೆವತಿರುತ್ತದೆ. ತಗೊಳ್ಳುತ್ತೇನೆ, ಸುಳ್ಳೇಕೆ.
ಆದರೆ ಅದಕ್ಕೆ ಸಿಗುವುದು ನಗು ಮಾತ್ರ;
ಐನೂರಕ್ಕೆ ಎಷ್ಟು ಹಲ್ಲು, ಲೆಕ್ಕವಿದೆ ನನ್ನಲ್ಲಿ.

ಚಿಟಿಕೆ ಹೊಡೆದು ಕರೆದವರ ಸೂಪು
ಅಡುಗೆಮನೆಯ ಕಟ್ಟೆಯ ಮೇಲೆ
ಸ್ವಲ್ಪ ಹೊತ್ತು ಮಂಜು ನೋಡುತ್ತ ಕೂರುತ್ತದೆ.
ನಾನೇನೂ ಮಾಡುವುದಿಲ್ಲ. ಅದೇ ನೋಡುತ್ತದೆ.

ಕಕ್ಕಡ ತಿಂಗಳಲ್ಲಿ ಬನ್ನಿ, ಮಂಗಳವಾರ ಬನ್ನಿ.
ಪಂದಿಕರಿ ಇದೆಯಾ ಎನ್ನಬೇಡಿ, ಇದ್ದೇ ಇದೆ,
ಇವತ್ತಿನದಾ ನಿನ್ನೆಯದಾ ಎಂದು ಕೇಳಿ.
ನಿನ್ನೆಯದೇ ಬೇಕು ಅಂದವರನ್ನು
ಐತಪ್ಪಣ್ಣ ಒಲೆ ಬಿಟ್ಟು ಬಂದು ಇಣುಕುತ್ತಾನೆ.
ಅವನು ಇಣುಕಿದರೆ ಅರ್ಧ ಕೆಲಸ ಆಯಿತು.

ಇನ್ನರ್ಧ ಹೇಳಿಕೊಡಲು ಬರುವುದಿಲ್ಲ.
ಅದೊಂದು ಸ್ಟೀಲಿನ ಬಟ್ಟಲು. ಅಂಚು ನೆಗ್ಗಿದೆ.
ಮೆನುವಿನಲ್ಲಿಲ್ಲ, ಬಿಲ್ಲಿನಲ್ಲಿಲ್ಲ.
ಮಧ್ಯಾಹ್ನ ಮೂರೂವರೆಗೆ ಹಿಂದಿನ ಮೆಟ್ಟಿಲಲ್ಲಿ
ನಾವು ನಾವೇ ಉಣ್ಣುವ ಬೈಂಬಳೆ ಕರಿ.
ಕಣಿಲೆ ಎಲ್ಲಿಂದ ಬಂತು ಎಂದು ಕೇಳಬಾರದು.
ಮೂರು ದಿನ ನೀರಲ್ಲಿ ನೆನೆದ ಅದರ ವಾಸನೆ
ಅತಿಥಿಗಳ ಮೂಗಿಗೆ ಆಗಿಬರದು.
ಇಷ್ಟು ವರ್ಷದಲ್ಲಿ ಆ ಬಟ್ಟಲು
ಊಟದ ಹಾಲಿಗೆ ಬಂದದ್ದು ನಾಲ್ಕೇ ಸಲ.
ಒಬ್ಬ ಮಂತ್ರಿಗೂ ಅಲ್ಲ. ಒಮ್ಮೆ
ಪಿಯಾನೋ ರಿಪೇರಿಗೆ ಬಂದವನಿಗೆ.

ಕಳೆದ ಆಗಸ್ಟಿನಲ್ಲಿ ದಮಯಂತಿಗೆ ಐವತ್ತು ತುಂಬಿತು.
ಎಲ್ಲ ಗುಟ್ಟು ಬಲ್ಲ ನಾನು, ಅವಳ ಗಂಡ,
ಅಂಗಿಗೆ ಇಸ್ತ್ರಿ ಹಾಕಿ
ಮೊದಲ ಸಲ ಮುಂಬಾಗಿಲಿಂದ ಒಳಗೆ ಬಂದೆ.
ನಾನೇ ಪಳಗಿಸಿದ ಹುಡುಗ ಲಿಖಿನ್
ಕುರ್ಚಿ ಎಳೆದ. ಸರ್ ಅಂದ. ಏಳನೇ ಮೇಜು ಕೊಟ್ಟ.
ಹಂಸದ ಹಾಗೆ ಮಡಿಸಿದ ನ್ಯಾಪ್‌ಕಿನ್
ಬಿಚ್ಚಲು ಮನಸ್ಸಾಗದೆ ಪಕ್ಕಕ್ಕಿಟ್ಟೆ.
ಎರಡು ಸಲ ಎದ್ದೆ, ಪಕ್ಕದ ಮೇಜಿಗೆ ನೀರು ಹಾಕಲು.
ಕೂತ್ಕೊಳ್ಳಿ, ಅಂದಳು ಹಲ್ಲು ಕಚ್ಚಿ.

ನಿನ್ನೆಯ ಪಂದಿ ಕೇಳಿದೆ. ಐತಪ್ಪಣ್ಣ ಇಣುಕಲಿಲ್ಲ;
ನನ್ನ ಉಪಾಯಗಳೆಲ್ಲ ಅವನಿಗೆ ಬಾಯಿಪಾಠ.
ಬಂದದ್ದು ಕ್ಯಾರೆಟ್ಟಿನ ಗುಲಾಬಿ, ಬೆಳ್ಳಿ ಚಮಚ,
ಸಿಬ್ಬಂದಿಗೆಂದು ಶೇಕಡಾ ಹತ್ತು ರಿಯಾಯಿತಿ.

ಅವಳು ಮೆನು ತೆರೆದೇ ಇರಲಿಲ್ಲ.
ಲಿಖಿನ್‌ನ ಹೆಬ್ಬೆರಳಿನ ಬ್ಯಾಂಡೇಜು ಕಂಡು
ಎಂತಾಯ್ತು ಮಾರಾಯ, ಅಂದಳು.
ಕಣಿಲೆ ಹೆಚ್ಚುವಾಗ, ಎಂದು ಹೇಳಿ ನಾಲಿಗೆ ಕಚ್ಚಿಕೊಂಡ.
ಹಾಗೆ ಹಿಡಿಯಬಾರದು, ಕೊಡು ಇಲ್ಲಿ ಎಂದು
ಬೆಳ್ಳಿ ಚಮಚವನ್ನೇ ಕಣಿಲೆ ಮಾಡಿಕೊಂಡು
ಬೆರಳು ಒಳಗೆ ಮಡಚುವುದು ಹೇಗೆಂದು ತೋರಿಸಿದಳು,
ಒಮ್ಮೆಯಲ್ಲ, ಅವನಿಗೆ ಬರುವವರೆಗೆ.
ಮೂರು ಮೇಜು ಕಾಯುತ್ತಿದ್ದವು.
ರಜೆಯಲ್ಲಿದ್ದರೂ ನನಗೆ ಸಿಟ್ಟು ಬಂತು.

ಆಮೇಲೆ ಬಾಗಿಲು ತಳ್ಳಿಕೊಂಡು
ಐತಪ್ಪಣ್ಣನೇ ಬಂದ, ಏಪ್ರನ್ನಿಗೆ ಕೈ ಒರೆಸುತ್ತ.
ನೆಗ್ಗಿದ ಬಟ್ಟಲು. ಒಂದೇ.
ಅವಳ ಮುಂದಿಟ್ಟ.

ಉಪ್ಪು ಸಾಲದು, ಅಂದಳು.
ಉಪ್ಪಿನ ಮಾತೆತ್ತಿದ ಇಬ್ಬರನ್ನು ಕೆಲಸ ಬಿಡಿಸಿದವನು
ಹೌದಾ ಅಕ್ಕ, ಎಂದು ತಲೆ ಕೆರೆದುಕೊಂಡ.

ಇದು ಐದನೇ ಸಲ. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.
ನನಗೊಂದು ತುತ್ತು ಸಿಕ್ಕಿತೇ ಎಂದು ಕೇಳಬೇಡಿ.
ನಾನು ಸ್ವಲ್ಪ ಹೊತ್ತು
ಮಂಜು ನೋಡುತ್ತ ಕೂತೆ, ಆರುತ್ತ.