ಸೊನ್ನೆ ಟಿಕೆಟ್

ವಾರದ ರಜೆಯ ದಿನವೂ ನಾಲ್ಕಕ್ಕೇ ಎಚ್ಚರ.
ಡ್ಯೂಟಿ ಇಲ್ಲ ಅಂತ ಮೈಗೆ ಯಾರು ಹೇಳಬೇಕು?
ಚಿತ್ರಾನ್ನ ಕಟ್ಟಿಕೊಂಡು, ಅಣ್ಣನ ಹಳೇ ದುರ್ಬೀನು ಕೊರಳಿಗೆ ಹಾಕಿಕೊಂಡು
ತಿಮ್ಮಲಾಪುರದ ಕಾಡಿಗೆ ಹೋದರೆ
ವಾಚರ್ ಮೂಡ್ಲಗಿರಿಯಪ್ಪ ಕತ್ತಲಲ್ಲೇ ಕಾಯುತ್ತಿದ್ದರು,
ಕಿವಿಗೆ ಹಚ್ಚದ ಬೀಡಿ.
ಮಾರ್ಚಿಯಲ್ಲಿ ಕಾಡೊಳಗೆ ಕಡ್ಡಿ ಗೀರುವುದಿಲ್ಲ ಅವರು,
ಆಗಾಗ ತೆಗೆದು ಮೂಸಿ ಮತ್ತೆ ಸಿಕ್ಕಿಸುತ್ತಾರೆ.
"ಬಂದ್ರಾ ಕಂಡಕ್ಟ್ರಮ್ಮ? ರೈಟ್, ರೈಟ್."

ಇನ್ನೂ ಬೆಳಕಿಲ್ಲ. ಆಗ ಕೇಳಿತು:
ರೂಪಾಯಿ ನಾಣ್ಯವೊಂದು ತಗಡಿನ ನೆಲಕ್ಕೆ ಬಿದ್ದು
ಟಕ್, ಟಕ್, ಟಕ್‌ಟಕ್, ಟಕಟಕಟರ್ರ್
ಕುಣಿದು ಕುಣಿದು ಒರಗುವ ಸದ್ದು.
ನನ್ನ ಕೈ ತಾನಾಗಿ ಬ್ಯಾಗಿಗೆ ಹೋಯಿತು.
ಬ್ಯಾಗು ಮಧುಗಿರಿ ಡಿಪೋದಲ್ಲಿತ್ತು.
"ಯಾರದು ಬಿತ್ತು?" ಅಂದೆ.
ಕಾಡು ಉತ್ತರವಾಗಿ ಇನ್ನೊಂದು ನಾಣ್ಯ ಬೀಳಿಸಿತು.

ಪುಸ್ತಕದಲ್ಲಿ ಅದಕ್ಕೆ ನತ್ತಿಂಗ ಅಂತ ಹೆಸರು.
ಮೂಡ್ಲಗಿರಿಯಪ್ಪ ಹೆಸರು ಹಿಡಿದು ಕರೆಯುವುದಿಲ್ಲ.
ಅವರಿಗೆ ಅದು ಬರೀ "ಅದು".

ಎಣಿಸುವುದು ನನ್ನ ಕಸುಬು.
ಮಧುಗಿರಿ ಬಿಟ್ಟು ಪಾವಗಡ ಮುಟ್ಟುವಷ್ಟರಲ್ಲಿ
ಎರಡು ಸಲ ತಲೆ, ಮೂರು ಸಲ ಚಿಲ್ಲರೆ.
ಇಲ್ಲಿಯೂ ಅದೇ ಚಾಳಿ:
ನವಿಲು ಹನ್ನೊಂದು. ಮರಕುಟಿಗ ಒಂದು, ಬೆನ್ನು ಮಾತ್ರ.
ಗೌಜಲಕ್ಕಿ ಆರೋ ಏಳೋ,
ಇಳಿಯುವ ಸ್ಟಾಪು ದಾಟಿಹೋದವರಂತೆ ಗಲಾಟೆ ಮಾಡುತ್ತ ಓಡಿದವು.
ಹಳದಿ ಕೊರಳಿನ ಪಿಕಳಾರ, ಬಂಡೆ ಮೇಲೆ,
ಹೌದೋ ಅಲ್ಲವೋ ಅನ್ನುವಷ್ಟು ಹೊತ್ತು.
ಕರಡಿ ಇಲ್ಲ. ಕರಡಿ ಒಡೆದ ಹುತ್ತ ಒಂದು,
ಒಳಗಿನ ಮಣ್ಣು ಇನ್ನೂ ತಣ್ಣಗಿತ್ತು.
"ಇದ್ನೂ ಬರ್ಕಳಿ" ಅಂದರು. ಬರೆದೆ.

ಕಮರದ ಎಲೆ ನೋಡಿದ್ದೀರಾ?
ಆಡಿನ ಗೊರಸಿನಂತೆ ನಡುವೆ ಸೀಳು.
ನೆಲದ ತುಂಬ ಅವೇ,
ಒಂದು ದೊಡ್ಡ ಮಂದೆ ಗೊರಸು ಕಳಚಿಟ್ಟು
ಬರಿಗಾಲಲ್ಲಿ ಗುಡ್ಡ ಹತ್ತಿಹೋದ ಹಾಗೆ.

ಹತ್ತು ಗಂಟೆಯ ಬಿಸಿಲು. ಅವರು ನಿಂತರು.
ಬೆರಳು ಎತ್ತಲಿಲ್ಲ, ಗದ್ದ ಮಾತ್ರ.
"ಅಗೋ."
ಎಲ್ಲಿ?
"ನಿಮ್ ಕಾಲಿಂದ ಏಳೆಂಟ್ ಗೇಣು."
ಅದು ಎಲೆ.
"ನೋಡಿ."
ಎಲೆ, ಕಡ್ಡಿ, ಎಲೆ, ಮೊಲದ ಹಿಕ್ಕೆ, ಎಲೆಯ ನೆರಳು, ಎಲೆ.
ದುರ್ಬೀನು ಎತ್ತಿದೆ. ಅಷ್ಟು ಹತ್ತಿರಕ್ಕೆ ಅದು ಕುರುಡು.
ಕುಕ್ಕರಗಾಲಲ್ಲಿ ಕೂತೆ. ಮೊಣಕಾಲು ಲಟಕ್ಕೆಂದಿತು.
ಮೂಡ್ಲಗಿರಿಯಪ್ಪ ಬೀಡಿ ಮೂಸಿದರು.
"ಎಲೆ ಉಸ್ರಾಡ್ತದಾ, ಕಂಡಕ್ಟ್ರಮ್ಮ?"

ಆಮೇಲೆ ನಾನು ಅದನ್ನು ಕಂಡೆ ಅನ್ನುವುದು ಸುಳ್ಳು.
ಅಷ್ಟು ಹೊತ್ತೂ ಅದು ನನ್ನನ್ನು ಕಾಣುತ್ತಿತ್ತು,
ಮುಚ್ಚಿದ ರೆಪ್ಪೆಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟುಕೊಂಡು.

ಕೆಳಗೆ ಮೊಟ್ಟೆ ಇದೆಯಾ?
"ಎಬ್ಬಿಸಿದ್ರೆ ತಾನೆ ಗೊತ್ತಾಗೋದು" ಅಂದು
ಬಂದ ಹೆಜ್ಜೆಯಲ್ಲೇ ನನ್ನನ್ನು ಹಿಂದಕ್ಕೆ ನಡೆಸಿದರು.
ಪಟ್ಟಿಯಲ್ಲಿ ಬರೆದೆ: ನತ್ತಿಂಗ, ಒಂದು.
ಪಕ್ಕದ ಕಾಲಂ ಖಾಲಿ.

ಸೋಮವಾರ. ಪಾವಗಡದ ಬಸ್ಸು. ಹುಣಸೆಹಣ್ಣಿನ ಕಾಲ,
ಕಾಲಿಡಲು ಜಾಗವಿಲ್ಲ.
ಟಿಕೆಟ್ ಐವತ್ತಮೂರು, ತಲೆ ಐವತ್ತೆರಡು.
ತಲೆ ಹೆಚ್ಚು ಬಂದರೆ ಮೆಮೊ. ಕಮ್ಮಿ ಬಂದರೆ ಯಾರೂ ಕೇಳುವುದಿಲ್ಲ.
ಸುಮ್ಮನಿರಬಹುದಿತ್ತು.
ಗದ್ದ ಎತ್ತಿ ನಿಂತೆ.
ಮೂಟೆ, ಬುಟ್ಟಿ, ಮೂಟೆ, ಯಾರದೋ ಚಪ್ಪಲಿ, ಮೂಟೆಯ ನೆರಳು, ಮೂಟೆ.
ಕೊನೇ ಸೀಟಿನ ಬುಡದಲ್ಲಿ ಗೋಣಿ ಬಣ್ಣದ ಸೀರೆ,
ಹುಣಸೆ ಕುಟ್ಟಿ ಕುಟ್ಟಿ ಅದರದೇ ಬಣ್ಣಕ್ಕೆ ತಿರುಗಿದ ಕೈ,
ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಸೊನ್ನೆ ಟಿಕೆಟ್.
ನಾನೇ ಹರಿದು ಕೊಟ್ಟದ್ದು. ಮುಖ ನೋಡಿರಲಿಲ್ಲ.
ಅವಳು ನೋಡುತ್ತಲೇ ಇದ್ದಳು.

ಸೀಟು ಕೊಡಿಸಲಾ, ಮೇಲೆ ಬರ್ತೀರಾ, ಅಂದೆ.
"ಇಲ್ಲೇ ಇರ್ಲಿ ಬಿಡವ್ವ."
ಮೂಟೆಗಳ ನಡುವೆ ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು
ರೈಟ್ ಅಂದೆ, ಮೆಲ್ಲಗೆ.

ಡ್ರೈವರಿಗೆ ಕೇಳಿಸಲಿಲ್ಲವಂತೆ.